ಜಡ, ಜೀವ ಮತ್ತು ‘ಕರ್ವಾಲೊ’

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ಅದನ್ನು ಈಚೆಗೆ ಮತ್ತೊಮ್ಮೆ ಓದಿದಾಗ, ರಾಮನಗರದ ಬಂಡೆಗಳ ನಡುವೆ ಬೆಳೆದ ನನ್ನಲ್ಲಿ ಒಂದು ಅತೃಪ್ತಿ ಉಳಿಯಿತು. ಹಾರುವ ಓತಿಯನ್ನು ಅರಸುತ್ತ ಕಾಲದ ಆಳಕ್ಕಿಳಿಯುವ ಈ ಕೃತಿ ಜೀವದಿಂದ ಜೀವ ಬೆಳೆದ ಬಗೆಯನ್ನು ಮನಗಾಣಿಸುತ್ತದೆ. ಜಡದಿಂದ ಜೀವ ಮೂಡಿದ್ದು ಹೇಗೆಂಬ ಹೊಸ್ತಿಲಲ್ಲಿ ಮಾತ್ರ ನಿಂತುಬಿಡುತ್ತದೆ.

ಜಡವೆಂದೊಡನೆ ನಮಗೆ ನೆನಪಾಗುವುದು ಕಲ್ಲು. ಕಲ್ಲು ಮೊದಲು, ಜೀವ ಆಮೇಲೆ ಎಂದು ಎಣಿಸುತ್ತೇವೆ. ಆದರೆ ಊರಿನ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನಿಸಿದ ನಮ್ಮ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಜೀವದ ಕುರುಹುಗಳು 340 ಕೋಟಿ ವರ್ಷಗಳಿಗೂ ಹಿಂದಿನವು. ರಾಮದೇವರ ಬೆಟ್ಟದ ಕಲ್ಲು ಇನ್ನೂ ಶಿಲಾರಸವಾಗಿದ್ದಾಗಲೇ ಭೂಮಿಯ ಮೇಲೆ ಜೀವವಿತ್ತು.

1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ ಗ್ಲೈಸೀನ್, ಅಲನೀನ್ ಎಂಬ ಅಮೈನೊ ಆಮ್ಲಗಳನ್ನು ಪಡೆದರು. ನಮ್ಮ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಯ ಎಳೆಯಲ್ಲಿ ಹೆಚ್ಚಿನ ಪಾಲು ಇವೆರಡರದೇ. ಆದರೂ ಆ ಗಾಜಿನ ಪಾತ್ರೆಯಲ್ಲಿ ಹುಳು ಹುಟ್ಟಲಿಲ್ಲ. ಸಾಮಗ್ರಿಯಿತ್ತು, ಅದನ್ನು ಜೋಡಿಸಿಕೊಂಡು ತನ್ನಂಥದನ್ನೇ ಮತ್ತೆ ಮಾಡುವ ಏರ್ಪಾಡು ಇರಲಿಲ್ಲ. ಚನ್ನಪಟ್ಟಣದ ಬೊಂಬೆಗೆ ರೂಪ ಬರುವುದು ಕಡೆಯುವವನ ಕೈಯಿಂದ. ಹುಳುವಾದರೋ ಹಿಪ್ಪುನೇರಳೆ ಎಲೆ ತಿಂದು ತನ್ನ ರೂಪವನ್ನು ತಾನೇ ಕಟ್ಟಿಕೊಳ್ಳುತ್ತದೆ. ದ್ರವ್ಯ ಎರಡರಲ್ಲಿಯೂ ಒಂದೇ ಬಗೆಯದು, ನಡೆ ಬೇರೆ. ಆ ನಡೆ ಮೊದಲು ತೊಡಗಿದ್ದು ಹೇಗೆಂಬುದೇ ಇನ್ನೂ ಬಿಡಿಸದ ಗಂಟು.

ಮನಸ್ಸಿನ ವಿಷಯದಲ್ಲಿ ತೇಜಸ್ವಿಯವರು ಹೀಗೆ ಮೌನ ತಾಳಿಲ್ಲ. ಓದು ಬಲ್ಲವರು ಕಾಣದ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ವಿಜ್ಞಾನಿ ಕರ್ವಾಲೊ ಅವನ ಕಣ್ಣನ್ನು ನಂಬುತ್ತಾರೆ. ಮನಸ್ಸು ಹೊರಗಿನಿಂದ ಬಂದು ದೇಹದಲ್ಲಿ ನೆಲೆಸಿದ್ದಲ್ಲ, ಕಾಡಿನೊಡನೆ ಬಾಳಿದ ದೇಹದಲ್ಲೇ ಬೆಳೆದ ಎಚ್ಚರ ಎಂಬುದನ್ನು ಕಾದಂಬರಿ ವಾದ ಹೂಡದೆಯೇ ತೋರಿಸಿದೆ. ಅದರ ನಿಜವಾದ ಹಿರಿಮೆ ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಇದನ್ನು ಅಗಮ್ಯದ ಸಂಕೇತವೆಂದು ಕೈಮುಗಿದು ಪುಸ್ತಕ ಮುಚ್ಚುವ ವಾಚಕರುಂಟು. ನಾನು ಒಪ್ಪೆ. ಇಂದು ಸಿಗದ್ದೆಲ್ಲ ಎಂದೆಂದಿಗೂ ಅರಿಯಲಾಗದ್ದೆಂದು ಬಗೆದರೆ ಕರ್ವಾಲೊ ಬೆಟ್ಟ ಹತ್ತಿದ್ದೇ ವ್ಯರ್ಥವಾದೀತು. ತೇಜಸ್ವಿಯವರು ಹೊಸ್ತಿಲವರೆಗೆ ನಮ್ಮನ್ನು ತಂದು ಬಿಟ್ಟಿದ್ದಾರೆ. ಅದನ್ನು ದಾಟುವ ಕನ್ನಡ ಕಾದಂಬರಿಯನ್ನು ನಾನು ಇನ್ನೂ ಕಾಯುತ್ತಿದ್ದೇನೆ.