ಅನ್ನದ ಕುಕ್ಕರಿಗೆ ಇನ್ನೊಂದು ಮಿದುಳು ಬೇಕೆ?

ಈಚಿನ ವರ್ಷಗಳ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಒಂದು ಬಗೆಯ ಮಾದರಿ ಪದೇ ಪದೇ ಕಾಣಿಸಿಕೊಳ್ಳುವುದನ್ನು ನೀವು ಗಮನಿಸಿರಬಹುದು. ಮನೆಯ ಮಿಕ್ಸರನ್ನೋ ವಿದ್ಯುತ್ ಕುಕ್ಕರನ್ನೋ ಬಿಚ್ಚಿ, ಅದಕ್ಕೊಂದು ಆರ್ಡುಯಿನೊ ಫಲಕ, ಸಂವೇದಕ ಮತ್ತು ರಿಲೇ ಜೋಡಿಸಿ ‘ಸ್ಮಾರ್ಟ್’ ಎಂದು ಹೆಸರಿಡಲಾಗುತ್ತದೆ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಈ ಫಲಕ, 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ನಮ್ಮ ಅನೇಕ ಶಾಲೆಗಳನ್ನೂ ತಲಪಿತು. ಇದು ಸಂತೋಷದ ವಿಷಯ. ಆದರೆ ಮಾದರಿ ಕೆಲಸ ಮಾಡಿತೆಂದ ಕೂಡಲೇ ಬಹುಮಾನ ಕೊಟ್ಟು ಮುಂದೆ ಹೋಗುವ ನಮ್ಮ ಪದ್ಧತಿಯ ಬಗ್ಗೆ ನನಗೆ ಆಕ್ಷೇಪವಿದೆ.

ಕಾರವಾರ ಮತ್ತು ಅಂಕೋಲಾ ನಡುವಿನ ಹಾರವಾಡದಿಂದ ಒಂದು ಪ್ರದರ್ಶನಕ್ಕೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರ ಮಾದರಿಯನ್ನೇ ತೆಗೆದುಕೊಳ್ಳೋಣ. ಅದು 700 ವಾಟಿನ ಕುಕ್ಕರ್. ಮುಚ್ಚಳದಲ್ಲಿ ರಂಧ್ರ ಕೊರೆದು ಡಿಎಸ್18ಬಿ20 ಎಂಬ ತಾಪ ಸಂವೇದಕವನ್ನು ಇಳಿಬಿಟ್ಟಿದ್ದರು. ಒಳಗಿನ ನೀರಿನ ತಾಪ 100° ಸೆ. ಆದಾಗ ರಿಲೇ ವಿದ್ಯುತ್ತನ್ನು ಕಡಿಯಬೇಕು. ಬರಿಯ ನೀರು ಕಾಯಿಸಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. “ಇದರಲ್ಲಿ ಅನ್ನ ಮಾಡಿ ಉಂಡಿದ್ದೀರಾ?” ಎಂದು ಕೇಳಿದೆ. “ಇಲ್ಲ ಸರ್, ನಮ್ಮ ಮನೆಯಲ್ಲಿ ಕುಚ್ಚಲಕ್ಕಿ. ಆಯಿ ಕುಕ್ಕರಿನಲ್ಲಿ ಅನ್ನ ಮಾಡುವುದೇ ಇಲ್ಲ” ಎಂದಳು ಒಬ್ಬಳು. ಈ ಉತ್ತರಕ್ಕೆ ಮತ್ತೆ ಬರುತ್ತೇನೆ.

ಮೊದಲು, ಅವರು ತೆಗೆದುಹಾಕಿದ ಭಾಗ ಯಾವುದು ಎಂದು ನೋಡೋಣ. ಕುಕ್ಕರಿನ ತಳದ ನಡುವೆ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಗುಂಡಿ ಇರುತ್ತದೆ. ಅನೇಕ ಕುಕ್ಕರುಗಳಲ್ಲಿ ಅದರೊಳಗೆ ಒಂದು ಅಯಸ್ಕಾಂತವೂ ಒಂದು ಫೆರೈಟ್ ಬಿಲ್ಲೆಯೂ ಇರುತ್ತವೆ. ಪಾತ್ರೆಯಲ್ಲಿ ನೀರು ಇರುವವರೆಗೆ ಕೊಟ್ಟ ಉಷ್ಣವೆಲ್ಲ ಗುಪ್ತೋಷ್ಣವಾಗಿ ಆವಿಗೆ ಹೋಗುವುದರಿಂದ ತಳದ ತಾಪ 100° ಸೆ. ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿಕೊಂಡೊಡನೆ ತಾಪ ಏರುತ್ತದೆ. ಸುಮಾರು 103° ಸೆ. ದಾಟಿದಾಗ ಫೆರೈಟ್ ತನ್ನ ಅಯಸ್ಕಾಂತ ಗುಣವನ್ನು ಕಳೆದುಕೊಳ್ಳುತ್ತದೆ, ಸ್ಪ್ರಿಂಗು ಸನ್ನೆಯನ್ನು ತಳ್ಳುತ್ತದೆ, ಸ್ವಿಚ್ಚು ಬೀಳುತ್ತದೆ. ಪಿಯರ್ ಕ್ಯೂರಿ 1895ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ವಿದ್ಯಮಾನವೇ ಇದು. 1955ರಲ್ಲಿ ಜಪಾನಿನ ತೋಶಿಬಾ ಮಾರುಕಟ್ಟೆಗೆ ತಂದ ಸ್ವಯಂಚಾಲಿತ ಕುಕ್ಕರಿನಲ್ಲಿ ಇದೇ ಕೆಲಸವನ್ನು ದ್ವಿಲೋಹ ಪಟ್ಟಿ ಮಾಡುತ್ತಿತ್ತು. ಅದನ್ನು ರೂಪಿಸಿದ ಯೋಶಿತಾದ ಮಿನಾಮಿ ಅವರಿಗಾಗಿ ಮನೆಯಲ್ಲಿ ಮತ್ತೆ ಮತ್ತೆ ಅನ್ನ ಬೇಯಿಸಿ ಅಳತೆ ಬರೆದಿಟ್ಟವರು ಅವರ ಪತ್ನಿ ಫುಮಿಕೊ.

ಈಗ ಅದರ ಜಾಗಕ್ಕೆ ಬಂದ ಸಂವೇದಕವನ್ನು ಪರಿಶೀಲಿಸಿ. ಅದರ ದೋಷ ±0.5° ಸೆ. ಒಳಗಿರುವುದು −10ರಿಂದ 85° ಸೆ. ವರೆಗೆ ಮಾತ್ರ; ಅದರಾಚೆ ±2° ಸೆ. ವರೆಗೂ ಹೋಗಬಹುದು. ಸಮುದ್ರಮಟ್ಟದ ಹಾರವಾಡದಲ್ಲಿ ನೀರು 100° ಸೆ.ನಲ್ಲಿ ಕುದಿಯುತ್ತದೆ. ಸಂವೇದಕ ಒಂದು ಡಿಗ್ರಿ ಹೆಚ್ಚು ತೋರಿದರೆ ಕುದಿ ಬರುವ ಮೊದಲೇ ವಿದ್ಯುತ್ತು ಕಡಿಯುತ್ತದೆ. ಒಂದು ಡಿಗ್ರಿ ಕಡಿಮೆ ತೋರಿದರೆ ನೀರು ಆರುವವರೆಗೂ ಕಡಿಯದು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಒಯ್ದರೆ ಅಲ್ಲಿ ನೀರು ಕುದಿಯುವುದೇ 97° ಸೆ. ಸುಮಾರಿಗೆ, ಪ್ರೋಗ್ರಾಮು ಕಾಯುತ್ತಲೇ ಇರುತ್ತದೆ. ಫೆರೈಟ್ ಬಿಲ್ಲೆಗೆ ಈ ಎರಡು ಊರುಗಳ ವ್ಯತ್ಯಾಸ ತೊಡಕಾಗುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಅಪಾಯದ ಪ್ರಶ್ನೆ. 230 ವೋಲ್ಟಿನಲ್ಲಿ 700 ವಾಟ್ ಎಂದರೆ ಸುಮಾರು 3 ಆಂಪಿಯರ್. 10 ಆಂಪಿಯರಿನ ರಿಲೇಗೆ ಅದು ಹೊರೆಯಲ್ಲ. ಆದರೆ ತಾಪ 99.9 ಮತ್ತು 100.1ರ ನಡುವೆ ತೂಗಾಡಿದಾಗ ರಿಲೇ ಟಕಟಕನೆ ಬಡಿದುಕೊಳ್ಳುತ್ತದೆ, ಸಂಪರ್ಕಗಳ ನಡುವೆ ಕಿಡಿ ಹಾರುತ್ತದೆ, ಕೊನೆಗೆ ಅವು ಬೆಸೆದುಕೊಂಡರೂ ಆಶ್ಚರ್ಯವಿಲ್ಲ. ಆಗ ಕಾಪಾಡಬೇಕಾದ ಥರ್ಮಲ್ ಫ್ಯೂಸನ್ನು ಈ ಮಾದರಿಯಲ್ಲಿ ‘ಅಡ್ಡ ಬರುತ್ತದೆ’ ಎಂದು ಕತ್ತರಿಸಿದ್ದರು. ಪ್ಲಗ್ಗಿನ ಮೂರನೆಯ ಪಿನ್ನಿಗೆ ತಂತಿಯೇ ಇರಲಿಲ್ಲ. ಕಡಲ ದಂಡೆಯ ಮನೆಗಳಲ್ಲಿ ಉಪ್ಪಿನ ತೇವ ಎಲ್ಲೆಡೆ ಕೂರುತ್ತದೆ; ಫಲಕದ ಮೇಲೆ ಕುಳಿತ ಆ ಪೊರೆ ವಿದ್ಯುತ್ತಿಗೆ ದಾರಿಯಾಗುತ್ತದೆ. ಭೂಸಂಪರ್ಕವಿಲ್ಲದ ಲೋಹದ ಪಾತ್ರೆಯನ್ನು ಒದ್ದೆ ಕೈಯಿಂದ ಮುಟ್ಟಿದರೆ ಏನಾಗಬಹುದೆಂದು ಹೇಳಬೇಕಿಲ್ಲ. ಕೂಡಲೇ ಪ್ಲಗ್ ತೆಗೆಸಿದೆ. ತಪ್ಪು ಆ ಮಕ್ಕಳದ್ದೆಂದು ನಾನು ಹೇಳುವುದಿಲ್ಲ. ಪ್ರೋಗ್ರಾಮನ್ನು ಮಾತ್ರ ನೋಡಿ ಬೆನ್ನು ತಟ್ಟಿದ ನಮ್ಮದು.

ಈಗ ಆ ಹುಡುಗಿಯ ಉತ್ತರಕ್ಕೆ ಬರೋಣ. ಆಯಿ ಏಕೆ ಕುಕ್ಕರ್ ಬಳಸುವುದಿಲ್ಲ? ಕುಚ್ಚಲಕ್ಕಿಯನ್ನು ಹೆಚ್ಚು ನೀರಿನಲ್ಲಿ ಬಹಳ ಹೊತ್ತು ಬೇಯಿಸಿ ಗಂಜಿ ಬಸಿಯುತ್ತಾರೆ. ಕುಕ್ಕರಿನ ತಂತ್ರವೋ ನೀರು ಮುಗಿಯುವುದನ್ನೇ ಕಾಯುತ್ತದೆ. ನೀರು ಮುಗಿಯದ ಅಡುಗೆಯಲ್ಲಿ ಅದಕ್ಕೆ ಸಂಕೇತವೇ ಸಿಗುವುದಿಲ್ಲ. ಮಾರ್ಪಾಡು ನಿಜವಾಗಿ ಬೇಕಾದದ್ದು ಇಲ್ಲಿ. ಮಾದರಿ ಆ ಮನೆಯ ಒಲೆಯಿಂದ ಹೊರಡಬೇಕಿತ್ತು. ಕಿಟ್ಟಿನ ಪೆಟ್ಟಿಗೆಯಿಂದ ಹೊರಟಿತು.

ಒಂದು ಲೆಕ್ಕ ಮಾಡಿ ನೋಡಿ. 2 ಲೀಟರ್ ನೀರನ್ನು 30ರಿಂದ 100° ಸೆ.ಗೆ ತರಲು ಸುಮಾರು 590 ಕಿಲೋಜೂಲ್, ಅಂದರೆ 0.16 ಯೂನಿಟ್ ಸಾಕು. ಬಳಿಕ 40 ನಿಮಿಷ 700 ವಾಟಿನಲ್ಲಿ ಕುದಿಸಿದರೆ ಖರ್ಚು 0.47 ಯೂನಿಟ್. ಅಷ್ಟೂ ಉಷ್ಣ ಆವಿಗೇ ಹೋದರೆ ಮುಕ್ಕಾಲು ಲೀಟರಿನಷ್ಟು ನೀರು ಹಾರಿಹೋಗುತ್ತದೆ. ಅನ್ನವೇನೂ 100° ಸೆ. ದಾಟಿ ಬೇಯುವುದಿಲ್ಲ. ಹಾಗಾದರೆ ಕುದಿ ಬಂದ ಪಾತ್ರೆಯನ್ನು ಒಣಹುಲ್ಲೋ ಥರ್ಮೋಕೋಲೋ ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ತಾಪ ಎಷ್ಟು ಹೊತ್ತು ನಿಲ್ಲುತ್ತದೆ? ಅಕ್ಕಿ ಬೇಯುತ್ತದೆಯೆ? ಇದನ್ನು ಅಳೆಯಲು ಅದೇ ಸಂವೇದಕ, ಅದೇ ಫಲಕ, ನಾಲ್ಕು ಬ್ಯಾಟರಿ ಸಾಕು. ಎರಡು ಡಿಗ್ರಿ ದೋಷವಿದ್ದರೂ ಇಲ್ಲಿ ನಡೆಯುತ್ತದೆ. ತಣಿಯುವಿಕೆಯ ವಕ್ರರೇಖೆ ಬರೆಯಿರಿ, ನ್ಯೂಟನ್ ನಿಯಮದೊಂದಿಗೆ ಹೋಲಿಸಿ, ಹೊತ್ತಾದಾಗ ಬಜರ್ ಕೂಗುವಂತೆ ಮಾಡಿ. 230 ವೋಲ್ಟನ್ನು ಮುಟ್ಟುವ ಅಗತ್ಯವೇ ಇಲ್ಲ.

ಶಿಕ್ಷಕ ಮಿತ್ರರೇ, ಮುಂದಿನ ಪ್ರದರ್ಶನದಲ್ಲಿ ಅಡುಗೆಮನೆಯ ಮಾದರಿಗೆ ಅಂಕ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನೀವು ತೆಗೆದುಹಾಕಿದ ಭಾಗ ಏನು ಮಾಡುತ್ತಿತ್ತು? ನಿಮ್ಮ ಸಾಧನ ಕೆಟ್ಟಾಗ ಒಲೆ ಆರುತ್ತದೆಯೋ ಉರಿಯುತ್ತಲೇ ಇರುತ್ತದೆಯೋ? ಇದರಿಂದ ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರಿಗೆ ಆದ ಅನುಕೂಲವೇನು? ಮೂರಕ್ಕೂ ಸರಿಯಾದ ಉತ್ತರ ಬಂದರೆ, ಮಾದರಿಯಲ್ಲಿ ಒಂದೇ ಒಂದು ದೀಪ ಮಿನುಗದಿದ್ದರೂ ಮೊದಲ ಬಹುಮಾನ ಕೊಡಿ.