‘ಹಿಂದುಳಿದ’ ಎಂಬ ಪದದ ಅಳತೆ: ನಂಜುಂಡಪ್ಪ ವರದಿಯ ಮರುಪರಿಶೀಲನೆ

ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ಚರ್ಚೆಗೆ ಆಧಾರಗ್ರಂಥವಾಗಿರುವುದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿ. ಅರ್ಥಶಾಸ್ತ್ರಜ್ಞರು ಇದನ್ನು ಅಂಕಿ ಅಂಶಗಳಿಗಾಗಿ ಓದುತ್ತಾರೆ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಯಾದ ನಾನು ಇದನ್ನೊಂದು ಪಠ್ಯವೆಂದು ಭಾವಿಸಿ, ಅದರ ಕೇಂದ್ರಪದವಾದ ‘ಹಿಂದುಳಿದ’ ಎಂಬುದರ ಅರ್ಥವ್ಯಾಪ್ತಿಯನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇನೆ.

ವರದಿಯ ಹಿರಿಮೆ ಅದರ ವಿಧಾನದಲ್ಲಿದೆ. ಅದು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು; 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು, 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗಕ್ಕೆ ಸೇರಿದ್ದವು. ಬೆಂಗಳೂರು, ಮೈಸೂರು ವಿಭಾಗಗಳಲ್ಲೂ ಅಂಥ ತಾಲ್ಲೂಕುಗಳಿದ್ದುವೆಂಬುದನ್ನು ತೋರಿಸಿ, ‘ಉತ್ತರ–ದಕ್ಷಿಣ’ ಎಂಬ ಸರಳ ವಿಭಜನೆಯನ್ನು ಅದು ತಿದ್ದಿತು.

ಆದರೆ ರಾಜ್ಯದ ಸರಾಸರಿಯೇ ಇಲ್ಲಿಯ ಅಳತೆಗೋಲು. ಯಾವ ತಾಲ್ಲೂಕಿನಲ್ಲಿ ಏನು ಕಡಿಮೆಯಿದೆ ಎಂಬುದನ್ನು ಇದು ಹೇಳುತ್ತದೆ. ಒಂದೆಡೆಯ ಬೆಳವಣಿಗೆಗೂ ಇನ್ನೊಂದೆಡೆಯ ಕೊರತೆಗೂ ಇರುವ ಸಂಬಂಧವನ್ನು ಹೇಳಲಾರದು. ಬೆಳವಣಿಗೆಯ ಮೊದಲ ಹಂತದಲ್ಲಿ ಹೆಚ್ಚುವ ಅಂತರ ಮುಂದೆ ತಾನೇ ಕುಗ್ಗುವುದೆಂದು ವಿಲಿಯಮ್‌ಸನ್ 1965ರಲ್ಲಿ ವಾದಿಸಿದರು. ಅದಕ್ಕೂ ಮೊದಲು, 1957ರಲ್ಲಿ, ಮಿರ್ಡಾಲ್ ಬೇರೆಯದನ್ನೇ ಹೇಳಿದ್ದರು: ಬೆಳೆಯುವ ಕೇಂದ್ರವು ಅಂಚಿನ ಬಂಡವಾಳವನ್ನೂ ದುಡಿಯುವ ಜನರನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕಾಮಗಾರಿಗೆ ಗುಳೆ ಬಂದವರನ್ನು ನಿತ್ಯ ಕಾಣುವ ಹೊರನಾಡ ಕನ್ನಡಿಗರಿಗೆ ಎರಡನೆಯ ಮಾತೇ ಹೆಚ್ಚು ನಿಜವೆನಿಸೀತು.

‘ಹಿಂದುಳಿದ’ ಎಂಬ ಪದದಲ್ಲಿ ಕರ್ತೃವಿಲ್ಲ; ನೆಲವು ತಾನಾಗಿ ಹಿಂದೆ ನಿಂತಿತೆಂಬ ಧ್ವನಿ ಅದರಲ್ಲಿದೆ. ಕವಿರಾಜಮಾರ್ಗ ರಚನೆಗೊಂಡ ರಾಷ್ಟ್ರಕೂಟರ ಮಾನ್ಯಖೇಟವೂ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವೂ ಇದೇ ಕಲಬುರಗಿ ವಿಭಾಗದಲ್ಲಿವೆ. ರಾಜಧಾನಿಯ ವೈಭವವೇ ಪ್ರಜೆಗಳ ಸಮೃದ್ಧಿಯೆಂದು ಇದರಿಂದ ತೀರ್ಮಾನಿಸಲಾಗದು, ನಿಜ. ಆದರೆ ಕೇಂದ್ರವು ಸ್ಥಿರವಲ್ಲ, ಅಧಿಕಾರದೊಡನೆ ಸರಿಯುವಂಥದೆಂಬುದಂತೂ ಸ್ಪಷ್ಟ. 1948ರವರೆಗಿನ ನಿಜಾಮರ ಆಡಳಿತ, 1956ರ ಏಕೀಕರಣ, ಅನಂತರದ ಬಂಡವಾಳ ಹೂಡಿಕೆಯ ಆಯ್ಕೆಗಳು ಈ ಸರಿಯುವಿಕೆಯ ಘಟ್ಟಗಳು.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೆ ದಾರಿಮಾಡಿತು. 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರೂ ಬಂದಿತು. ಹೆಸರು ಬದಲಾದರೂ ಪ್ರಶ್ನೆ ಉಳಿದಿದೆ. ಈ ಪ್ರದೇಶ ಹಿಂದುಳಿಯಿತೇ, ಹಿಂದೆ ಉಳಿಸಲ್ಪಟ್ಟಿತೇ? ಮೊದಲನೆಯದಾದರೆ ಪರಿಹಾರವು ಅನುದಾನ. ಎರಡನೆಯದಾದರೆ ಅದು ಹಕ್ಕು. ಮುಂದಿನ ಸಂಶೋಧನೆಯು ಈ ವ್ಯತ್ಯಾಸದಿಂದಲೇ ಆರಂಭವಾಗಬೇಕಾಗಿದೆ.