ಹೆಸರಿಲ್ಲದ ಶಿಫಾರಸು

ರಾಯಚೂರು ಸೀಮೆಯವರಿಗೆ ‘ಶಿಫಾರಸು’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಫಾರಸಿ ಮೂಲದ ಈ ಶಬ್ದ ಕನ್ನಡ ನಾಡಿನ ಉಳಿದ ಕಡೆಯೂ ಬಳಕೆಯಲ್ಲಿದೆ, ನಿಜ. ಆದರೆ 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಉರ್ದುವಿನಲ್ಲಿ ಕಚೇರಿಯ ವ್ಯವಹಾರ ಕಂಡ ಈ ಭಾಗದಲ್ಲಿ ಅದಕ್ಕೊಂದು ವಿಶೇಷ ಮೈಕಟ್ಟು ಬಂದಿದೆ. ಶಿಫಾರಸಿಗೆ ಮೂರು ಮಂದಿ ಬೇಕು: ಮಾಡುವವನು, ಯಾರ ಪರವಾಗಿ ಮಾಡುತ್ತಾನೋ ಅವನು, ಯಾರ ಮುಂದೆ ಮಾಡುತ್ತಾನೋ ಅವನು. ಇವರಲ್ಲಿ ಮೊದಲನೆಯವನಿಗೆ ಹೆಸರು ಇರಲೇಬೇಕು. ಹೆಸರಿಲ್ಲದವನ ಶಿಫಾರಸು ಮೂಗರ್ಜಿಗೆ ಸಮಾನ. ತಾನು ಎತ್ತಿ ಹೇಳಿದ ಹುಡುಗ ಕೆಲಸಗೇಡಿಯಾದರೆ ಹೇಳಿದವನ ಮಾನವೂ ಅಷ್ಟು ಕುಂದುತ್ತಿತ್ತು. ಆ ಅಂಜಿಕೆಯೇ ಶಿಫಾರಸಿನ ಬೆಲೆ.

ಈಗ ಅದೇ ಮಾತು ನೌಕರರ ಮೊಬೈಲಿನೊಳಗೆ ಹೊಸ ವೇಷದಲ್ಲಿ ಬಂದು ಕುಳಿತಿದೆ. ಶಾಲಾ ಶಿಕ್ಷಕರಿಗೆ 2017ರಲ್ಲಿ ‘ದೀಕ್ಷಾ’ ಬಂತು. ಅದರ ಮೂಲಕವೇ 2020ರ ಅಕ್ಟೋಬರಿನಿಂದ ‘ನಿಷ್ಠಾ’ ತರಬೇತಿ ಆನ್‌ಲೈನ್ ಆಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ಕೊಟ್ಟ ಮೇಲೆ ಸರಕಾರಿ ನೌಕರರ ಕಲಿಕೆಗೆಂದು ‘ಐಗಾಟ್ ಕರ್ಮಯೋಗಿ’ ಎಂಬ ಪೋರ್ಟಲ್ ಹುಟ್ಟಿತು. 2022ರ ಜೂನಿನಲ್ಲಿ ಅಂಚೆ ಇಲಾಖೆ ಗ್ರಾಮೀಣ ಡಾಕ್ ಸೇವಕರನ್ನೂ ಒಳಗೊಂಡು ಸುಮಾರು 4 ಲಕ್ಷ ಮಂದಿಗೆಂದು ‘ಡಾಕ್ ಕರ್ಮಯೋಗಿ’ಯನ್ನು ತೆರೆಯಿತು. ಖಾಸಗಿ ಕಂಪನಿಗಳ ಒಳತಾಣಗಳಂತೂ ಲೆಕ್ಕವಿಲ್ಲದಷ್ಟು. ಇಂಥ ತಾಣಗಳು ಈಚೆಗೆ ಕಲಿಯುತ್ತಿರುವ ವಿದ್ಯೆ ಒಂದಿದೆ: ನೌಕರನ ಹುದ್ದೆ ಯಾವುದು, ಹಿಂದೆ ಏನನ್ನು ತೆರೆದ, ಎಷ್ಟು ಹೊತ್ತು ನೋಡಿದ, ಎಲ್ಲಿ ಬಿಟ್ಟ, ಅವನಂಥವರು ಏನನ್ನು ನೋಡಿದರು ಎಂಬುದನ್ನೆಲ್ಲ ಕೂಡಿಸಿ, ‘ನಿಮಗಾಗಿ’ ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿಯನ್ನು ಮುಂದಿಡುವುದು. ನಮ್ಮ ಕಾಲದಲ್ಲಿ ಅತಿ ಹೆಚ್ಚು ಜನ ಓದುತ್ತಿರುವ, ಆದರೆ ಯಾವ ವಿಮರ್ಶಕನೂ ಕೈಗೆತ್ತಿಕೊಳ್ಳದ ಕೃತಿ ಬಹುಶಃ ಈ ಪಟ್ಟಿಯೇ. ಕವಿತೆ ಕಾದಂಬರಿಗಳನ್ನು ವಿಮರ್ಶಿಸುವ ಪುಟದಲ್ಲಿ ಇದಕ್ಕೇನು ಕೆಲಸವೆಂದು ಕೇಳುವವರಿದ್ದಾರೆ. ಒಬ್ಬ ಮನುಷ್ಯ ಮುಂದೆ ಏನನ್ನು ಓದಬೇಕೆಂದು ಹೇಳುವ ಪ್ರತಿಯೊಂದು ಮಾತೂ ವಿಮರ್ಶೆಯೇ. ಆದ್ದರಿಂದ ಈ ಯಂತ್ರ ನಮ್ಮ ಸಹೋದ್ಯೋಗಿ.

ಮೊದಲು ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ತರಬೇತಿಯೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಾಗಿದ್ದ ಕಾಲದಲ್ಲಿ ಯಾರು ಹೋಗಬೇಕೆಂಬುದನ್ನು ಮೇಲಿನವರು ನಿಶ್ಚಯಿಸುತ್ತಿದ್ದರು. ಆಯ್ಕೆಯಲ್ಲಿ ಯೋಗ್ಯತೆಯ ಜತೆಗೆ ನಂಟು, ಜಾತಿ, ಮುಖಪರಿಚಯಗಳೂ ಕೈಯಾಡಿಸುತ್ತಿದ್ದುವು. ದೇವದುರ್ಗದ ಮೂಲೆಯ ಹಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳಿಗೆ ಅಂಥ ಅವಕಾಶ ಕನಸಿನ ಮಾತು. ಯಂತ್ರಕ್ಕೆ ಅವಳ ಮಾವ ಯಾರೆಂದು ಗೊತ್ತಿಲ್ಲ; ಗೊತ್ತಿಲ್ಲದಿರುವುದೇ ಅದರ ಗುಣ. ಸಾವಿರಾರು ಪಾಠಗಳ ರಾಶಿಯಲ್ಲಿ ತನಗೆ ಬೇಕಾದುದು ಎಲ್ಲಿದೆಯೆಂದು ತಡಕಾಡುವ ಶ್ರಮವನ್ನೂ ಅದು ತಪ್ಪಿಸುತ್ತದೆ. ಹಳೆಯ ಶಿಫಾರಸಿನ ಕಾಲವೇ ಚೆನ್ನಾಗಿತ್ತೆಂದು ಹಾಡುವವರ ಗುಂಪಿಗೆ ಈ ಲೇಖನ ಸೇರಿದ್ದಲ್ಲ.

ತೊಡಕಿರುವುದು ಆ ತಲೆಬರಹದಲ್ಲಿ. ‘ನಿಮಗಾಗಿ’ ಎನ್ನುತ್ತದೆ ಪಟ್ಟಿ; ಚತುರ್ಥಿ ವಿಭಕ್ತಿಯ ಮೇಲೆ ‘ಆಗಿ’ ಸೇರಿ ಮಾತು ಬಹಳ ಆತ್ಮೀಯವಾಗಿದೆ. ತಾಯಿ ಮಗನಿಗಾಗಿ ಬುತ್ತಿ ಕಟ್ಟಿದಂತೆ. ಆದರೆ ಕಟ್ಟಿದವರು ಯಾರು? ಈ ವಾಕ್ಯಕ್ಕೆ ಕರ್ತೃವಿಲ್ಲ. ಹಿಂದೆ ಇತ್ತು ಎಂಬುದನ್ನು ನೆನೆಯಬೇಕು. ಈ ವಿದ್ಯೆಯ ಒಂದು ಮುಖ್ಯ ಬೇರು ಅಂಗಡಿಯಲ್ಲಿಲ್ಲ, ಕಚೇರಿಯಲ್ಲೇ ಇದೆ. ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಟಪಾಲು, ಟಿಪ್ಪಣಿಗಳ ಹಾವಳಿ ಹೆಚ್ಚಾದಾಗ ಅಲ್ಲಿಯವರು ‘ಟ್ಯಾಪೆಸ್ಟ್ರಿ’ ಎಂಬ ವ್ಯವಸ್ಥೆಯನ್ನು ಕಟ್ಟಿ, 1992ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅಲ್ಲಿ ಓದಿದವರು ಓದಿದ್ದರ ಮೇಲೆ ತಮ್ಮ ಅಭಿಪ್ರಾಯ ಗುರುತಿಸುತ್ತಿದ್ದರು. ಉಳಿದವರು, ಇಂಥ ಸಹೋದ್ಯೋಗಿ ಮೆಚ್ಚಿದ್ದನ್ನು ಅಥವಾ ಉತ್ತರ ಬರೆದದ್ದನ್ನು ನನಗೆ ತೋರಿಸು ಎಂದು ಕೇಳಬಹುದಿತ್ತು. ಅಂದರೆ ಶಿಫಾರಸು ಮಾಡಿದವನಿಗೆ ಹೆಸರಿತ್ತು. ಅವನ ಅಭಿರುಚಿ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. 1994ರಲ್ಲಿ ಬಂದ ‘ಗ್ರೂಪ್‌ಲೆನ್ಸ್’ ಓದುಗರು ಕೊಟ್ಟ ಅಂಕಗಳನ್ನು ತಾನೇ ಹೋಲಿಸಿ ನೋಡಿ, ಒಬ್ಬೊಬ್ಬರಿಗೆ ಯಾವುದು ಹಿಡಿಸೀತೆಂದು ಊಹಿಸತೊಡಗಿತು. ಮುಂದೆ ಅಂಗಡಿಗಳು ಇದನ್ನು ಎತ್ತಿಕೊಂಡುವು. ಅಂಕ ಕೊಡುವ ಕಷ್ಟವೂ ತಪ್ಪಿ, ಬೆರಳು ಮುಟ್ಟಿದ್ದೇ ಅಭಿಪ್ರಾಯವೆಂದಾಯಿತು. ಹೀಗೆ ಹೆಸರು ಮೊದಲು ಮಸುಕಾಯಿತು, ಬಳಿಕ ಅಳಿಸಿಹೋಯಿತು. ಅಂಗಡಿಯನ್ನು ಸುತ್ತಿ ಅದು ಕಚೇರಿಗೆ ಮರಳಿ ಬಂದಾಗ ಅಂಗಡಿಯ ನಡತೆಯನ್ನೇ ಮೈಗೂಡಿಸಿಕೊಂಡಿತ್ತು.

ಇಲ್ಲಿಯೇ ದೊಡ್ಡ ಎಡವಟ್ಟು. ಅಂಗಡಿಯಲ್ಲಿ ಸೀರೆಯೊಂದನ್ನು ಮುಟ್ಟಿ ನೋಡಿದವಳಿಗೆ ಆ ಸೀರೆಯ ಮೇಲೆ ಆಸೆಯಿತ್ತೆಂದು ಊಹಿಸಿದರೆ ತಪ್ಪಾಗದು. ಕಚೇರಿಯಲ್ಲಿ ಪಾಠವೊಂದನ್ನು ತೆರೆದವನಿಗೆ ಅದರ ಮೇಲೆ ಆಸೆಯಿತ್ತೆಂದು ಹೇಗೆ ಹೇಳುವುದು? 2024ರ ಅಕ್ಟೋಬರ್ 19ರಿಂದ ನಡೆದ ‘ಕರ್ಮಯೋಗಿ ಸಪ್ತಾಹ’ದಲ್ಲಿ ಪ್ರತಿಯೊಬ್ಬನೂ ಕನಿಷ್ಠ 4 ಗಂಟೆ ಕಲಿಯಬೇಕೆಂಬ ಗುರಿ ಇತ್ತು. ಗುರಿಯೇನೋ ಒಳ್ಳೆಯದೇ. ಆದರೆ ಗುರಿ ಮುಟ್ಟಿಸಬೇಕಾದ ನೌಕರ ಏನು ಮಾಡುತ್ತಾನೆ? ಚಿಕ್ಕದಾದ, ಬೇಗ ಮುಗಿಯುವ, ಪ್ರಶ್ನೆಗಳು ಸುಲಭವಾಗಿರುವ ಪಾಠವನ್ನು ತೆರೆಯುತ್ತಾನೆ. ಮೇಲಿನಿಂದ ಸುತ್ತೋಲೆ ಬಂದರೆ ಅದರಲ್ಲಿ ಹೆಸರಿಸಿದ್ದನ್ನು ತೆರೆಯುತ್ತಾನೆ. ಒಲೆಯ ಮೇಲೆ ಹಾಲಿಟ್ಟು, ಪಕ್ಕದಲ್ಲಿ ಮೊಬೈಲನ್ನು ಓಡಲು ಬಿಡುತ್ತಾನೆ. ಯಂತ್ರ ಇದೆಲ್ಲವನ್ನೂ ‘ಆಸಕ್ತಿ’ ಎಂದು ಬರೆದುಕೊಳ್ಳುತ್ತದೆ. ವಿಧೇಯತೆಯನ್ನು ಅಭಿರುಚಿಯೆಂದು ಓದಿಕೊಂಡು, ಮರುದಿನ ಅದೇ ಜಾತಿಯ ಇನ್ನಷ್ಟನ್ನು ತಂದು ಸುರಿಯುತ್ತದೆ. ಅವನಂಥವರಿಗೂ ಅದನ್ನೇ ತೋರಿಸುತ್ತದೆ. ಸುತ್ತೋಲೆಯೊಂದು ಹೀಗೆ ಸಾವಿರಾರು ಮಂದಿಯ ‘ಒಲವು’ ಆಗಿ ಪರಿವರ್ತನೆಯಾಗುವ ಚಮತ್ಕಾರವನ್ನು ಯಾವ ಐಂದ್ರಜಾಲಿಕನೂ ಮಾಡಿ ತೋರಿಸಿದ್ದಿಲ್ಲ.

ಇನ್ನೊಂದು ಮಾತು. ತೋರಿಸಿದ್ದರಲ್ಲಿ ಆರಿಸಬಹುದೇ ಹೊರತು, ಇಲ್ಲದ್ದನ್ನು ಯಾರೂ ಒತ್ತಲಾರರು. ಮಾನ್ವಿಯ ಕೃಷಿ ಅಧಿಕಾರಿಯ ಮುಂದಿರುವ ಪ್ರಶ್ನೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಊರುಗಳಿಗೆ ನೀರು ಮುಟ್ಟದಿರುವುದು, ಮೇಲ್ಭಾಗದ ಗದ್ದೆಗಳು ಜೌಗು ಹಿಡಿಯುವುದು. ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆ. ಅದರ ಕಷ್ಟ ಬೇರೆ. ದೇಶದ ಉದ್ದಗಲಕ್ಕೆ ಇವನಂಥ ಹುದ್ದೆಯವರು ಏನು ನೋಡಿದರೆಂಬ ಲೆಕ್ಕದಲ್ಲಿ ಈ ಎರಡು ಕಾಲುವೆಗಳು ಸಾಸಿವೆಯಷ್ಟೂ ತೂಗುವುದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಎರಡು ನಿಮಿಷದಲ್ಲಿ ಹೇಳಬಹುದಾದುದನ್ನು ಕೋಟಿ ಕ್ಲಿಕ್ಕುಗಳ ಸರಾಸರಿ ಹೇಳದು. ಭಾಷೆಯ ಪಾಡೂ ಹೀಗೆಯೇ. ಕನ್ನಡದಲ್ಲಿ ಬೇಕಾದ ಪಾಠ ಸಿಗದೆ ಇಂಗ್ಲಿಷಿನದನ್ನು ತೆರೆದವನು ಇಂಗ್ಲಿಷನ್ನು ಬಯಸಿದವನೆಂದೇ ದಾಖಲಾಗುತ್ತಾನೆ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪಂಚಸೂತ್ರಗಳನ್ನು ಹೇಳಿದಾಗ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದನ್ನು ಅವುಗಳಲ್ಲಿ ಸೇರಿಸಿದ್ದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಅಲ್ಲಿ ತರಬೇತಿ ಕೇಂದ್ರ ಕಟ್ಟಿದ ಅವರ ಪರಂಪರೆಯ ಗ್ರಂಥಪಾಲಕ, ಓದುಗ ಬರಿಗೈಯಲ್ಲಿ ಹಿಂದಿರುಗಿದಾಗ, ಇಲ್ಲದ ಪುಸ್ತಕದ ಹೆಸರನ್ನು ಬರೆದಿಟ್ಟುಕೊಳ್ಳುತ್ತಾನೆ. ಬರಿಗೈಯಲ್ಲಿ ಹೋದವನ ನೆನಪು ಯಂತ್ರಕ್ಕೆ ಇರುವುದಿಲ್ಲ. ಅಥವಾ ಅವನಿಗೆ ಆಸಕ್ತಿ ಕಡಿಮೆ ಎಂದು ಇರುತ್ತದೆ.

ಈ ಸೀಮೆಯ ಸಾಹಿತ್ಯವನ್ನೇ ತೆಗೆದುಕೊಳ್ಳಿ. ಮಾನ್ವಿ ಸೀಮೆಯ ಬ್ಯಾಗವಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಪದ ಹಾಡಿಕೊಂಡು ತಿರುಗುವುದು ಅವರಿಗೆ ಹಗುರಾಗಿ ಕಂಡಿತು. ಐತಿಹ್ಯದ ಪ್ರಕಾರ, ವಿಜಯದಾಸರ ಊಟದ ಕರೆಗೆ ಹೊಟ್ಟೆನೋವಿನ ನೆಪ ಹೇಳಿದರು. ನೆಪದ ನೋವು ನಿಜವಾಗಿ ಅವರನ್ನು ಹಿಂಡಿತು. ಕೊನೆಗೆ ವಿಜಯದಾಸರೇ ಅವರನ್ನು ತಮ್ಮ ಶಿಷ್ಯ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರಂತೆ. ಪಂಡಿತರು ಜಗನ್ನಾಥದಾಸರಾದರು, ಕನ್ನಡಕ್ಕೆ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬಂತು. ಕಥೆಯ ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಗಮನಿಸುವುದು ಬೇರೆ: ಶ್ರೀನಿವಾಸಾಚಾರ್ಯರ ಹಿಂದಿನ ನಡತೆಯನ್ನು ಮಾತ್ರ ನೋಡಿ ಪಟ್ಟಿ ಮಾಡಿದ್ದರೆ ಅದರಲ್ಲಿ ಇನ್ನೊಂದು ಸಂಸ್ಕೃತ ವ್ಯಾಖ್ಯಾನ ಇರುತ್ತಿತ್ತು, ಅದರ ಕೆಳಗೆ ಮತ್ತೊಂದು. ವಿಜಯದಾಸರು ಮಾಡಿದ ಶಿಫಾರಸು ಆ ನಡತೆಗೆ ನೇರ ವಿರುದ್ಧವಾದದ್ದು. ಮಾಡಿದವರಿಗೆ ಹೆಸರಿತ್ತು, ಕೈಹಿಡಿದವರು ತಮ್ಮ ಆಯುಸ್ಸನ್ನೇ ಪಣವಾಗಿಟ್ಟರು.

ಎಲ್ಲ ಗುಮಾಸ್ತರೂ ಜಗನ್ನಾಥದಾಸರಾಗಬೇಕೆಂದು ಯಾರೂ ಕೇಳುತ್ತಿಲ್ಲ. ಪಾಠ ಕಲಿಸಿ ಸಾಕಾದ ಶಿಕ್ಷಕಿಗೆ ಒಂದು ದಿನ ನಕ್ಷತ್ರಗಳ ವಿಚಾರ ಓದುವ ಮನಸ್ಸಾದರೆ ಪೋರ್ಟಲ್ ಅದಕ್ಕೆ ಅಡ್ಡ ಬರಬಾರದು, ಅಷ್ಟೆ. ಅಡ್ಡ ಬರುವುದು ಪಟ್ಟಿಯೊಂದೇ ಅಲ್ಲ, ನೋಡುತ್ತಿರುವ ಕಣ್ಣೂ ಹೌದು. ಹಳೆಯ ಶಿಫಾರಸು ನೌಕರನನ್ನು ಕುರಿತು ಅಧಿಕಾರಿಗೆ ಹೋಗುತ್ತಿತ್ತು; ಹೊಸದು ನೌಕರನಿಗೇ ಬರುತ್ತದೆ, ಆದರೆ ಅದರ ಹಿಂದಿನ ಕಡತ ಇರುವುದು ಯಜಮಾನನ ಮನೆಯಲ್ಲಿ. 2020ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿ, ನೌಕರರು ಕಂಪ್ಯೂಟರನ್ನು ಹೇಗೆ ಬಳಸುತ್ತಾರೆಂಬುದನ್ನು ಹೆಸರುಸಹಿತ ತೋರಿಸುತ್ತಿದ್ದ ತನ್ನ ‘ಪ್ರೊಡಕ್ಟಿವಿಟಿ ಸ್ಕೋರ್’ನಿಂದ ಆಕ್ಷೇಪಣೆ ಬಂದ ಮೇಲೆ ಹೆಸರುಗಳನ್ನು ತೆಗೆಯಬೇಕಾಯಿತು. ತನ್ನ ಓದನ್ನು ಮೇಲಿನವರು ಎಣಿಸುತ್ತಾರೆಂದು ತಿಳಿದವನು ಓದುವುದು ಬಿಟ್ಟು ಓದಿದಂತೆ ನಟಿಸುತ್ತಾನೆ. ಆ ನಟನೆಯೇ ಮತ್ತೆ ಯಂತ್ರದ ಆಹಾರ.

ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಬೆನ್ನಿಗೆ ಬಂದ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾದರೋ, ಉದ್ಯೋಗದ ಉದ್ದೇಶಗಳಿಗೆ ನೌಕರನ ಒಪ್ಪಿಗೆ ಕೇಳದೆಯೇ ಅವನ ದತ್ತಾಂಶವನ್ನು ಬಳಸಲು ದಾರಿ ಬಿಟ್ಟಿದೆ. 2025ರ ನವೆಂಬರಿನಲ್ಲಿ ನಿಯಮಗಳೂ ಪ್ರಕಟವಾದುವು. ಶಿಕ್ಷಕಿ ಯಾವ ಪಾಠವನ್ನು ಅರ್ಧಕ್ಕೆ ಬಿಟ್ಟಳೆಂಬುದು ‘ಉದ್ಯೋಗದ ಉದ್ದೇಶ’ವೇ ಅಲ್ಲವೇ ಎಂಬ ಪ್ರಶ್ನೆಯನ್ನು ನೌಕರರ ಸಂಘಗಳು ವೇತನ, ವರ್ಗಾವಣೆಗಳ ಪ್ರಶ್ನೆಯಷ್ಟೇ ಗಟ್ಟಿಯಾಗಿ ಕೇಳಬೇಕು. ಪೋರ್ಟಲ್ ಕಟ್ಟುವವರಿಂದ ಬೇಡಬೇಕಾದುದು ಹೆಚ್ಚೇನಿಲ್ಲ: ಇದನ್ನು ಏಕೆ ತೋರಿಸಿದೆ ಎಂದು ಪ್ರತಿಯೊಂದರ ಕೆಳಗೂ ಒಂದು ಸಾಲು, ಆಜ್ಞೆಯಿಂದ ತೆರೆದದ್ದನ್ನು ಆಸಕ್ತಿಯ ಲೆಕ್ಕದಿಂದ ಹೊರಗಿಡುವುದು, ಸಿಗದೆಹೋದದ್ದನ್ನು ಕೇಳಲು ಒಂದು ಜಾಗ. ಮತ್ತು ಆ ಉದ್ದನೆಯ ಪಟ್ಟಿಯ ನಡುವೆ ನಾಲ್ಕೈದು ಸ್ಥಳಗಳನ್ನು ಖಾಲಿ ಬಿಟ್ಟು, ಮಾನ್ವಿಯ ಹಿರಿಯ ಶಿಕ್ಷಕರೋ ದೇವದುರ್ಗದ ಅನುಭವಿ ದಾದಿಯೋ ತಾವು ಓದಿ ಮೆಚ್ಚಿದ್ದನ್ನು ಅಲ್ಲಿಡಲಿ, ಕೆಳಗೆ ತಮ್ಮ ಹೆಸರು ಬರೆಯಲಿ.